ಮುಗಿಲಿನಲ್ಲಿಟ್ಟ ಖಾತೆವಹಿ

ರೋಣ ತಾಲೂಕಿನ ಹೊಳೆಮಣ್ಣೂರ ಮಲಪ್ರಭೆಯ ದಂಡೆಯ ಊರು, ಹೆಸರಿನಲ್ಲಿಯೇ ಹೊಳೆಯುಂಟು. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿ ಬೇಸಗೆಯಲ್ಲಿ ಬಡಕಲಾಗಿ ಹರಿಯುತ್ತದೆ. ನವಿಲುತೀರ್ಥದ ಜಲಾಶಯ ತುಂಬಿ ಬಾಗಿಲುಗಳು ತೆರೆದಾಗ ಅದರ ರೀತಿಯೇ ಬೇರೆ. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ, ಈ ದಂಡೆಯ ಊರುಗಳು ಆ ರೀತಿಯನ್ನು ಚೆನ್ನಾಗಿ ಕಂಡಿವೆ.

ಅಲ್ಲಿಯ ವೃದ್ಧ ಕಿರಾಣಿ ವ್ಯಾಪಾರಿಯೊಬ್ಬರು ನನಗೆ ಪರಿಚಿತರು. ಮೊದಲ ನೆರೆಯಲ್ಲಿ ಅವರ ಅಂಗಡಿಯೊಳಗೆ ಎದೆಮಟ್ಟ ನೀರು ನಿಂತಿತು. ಬೆಲ್ಲ ಕರಗಿತು, ಜೋಳ ಮೊಳೆಯಿತು. ಅದಕ್ಕೆ ಅವರು ಅಷ್ಟಾಗಿ ಮರುಗಲಿಲ್ಲ. ಮರುಗಿದ್ದು ಉದ್ರಿಯ ವಹಿಗಾಗಿ.

"ಚೀಲ ಹೋದ್ರ ಮತ್ತ ತರಬಹುದರೀ ಮಾಸ್ತರ. ಯಾರ ಕಡೆಯಿಂದ ಎಷ್ಟು ಬರಬೇಕು ಅನ್ನೋದ ಹೋದ್ರ ಎಲ್ಲಿಂದ ತರೂದು?" ಎಂದು ಅವರು ನನ್ನನ್ನು ಕೇಳಿದ್ದರು. ಕೆಲವರು ತಾವಾಗಿಯೇ ಬಂದು ತಮ್ಮ ಬಾಕಿಯನ್ನು ಹೇಳಿ ಹೋದರಂತೆ. ಕೆಲವರು ಆ ಓಣಿಯನ್ನೇ ಬಿಟ್ಟು ತಿರುಗಾಡತೊಡಗಿದರಂತೆ.

ಹತ್ತು ವರ್ಷಗಳ ತರುವಾಯ ಎರಡನೆಯ ನೆರೆ ಬಂದಾಗ ಅಂಗಡಿಯ ಲೆಕ್ಕವೆಲ್ಲ ಕಂಪ್ಯೂಟರಿಗೆ ಏರಿತ್ತು. ಮಗನು ಅದನ್ನು 'ಕ್ಲೌಡ್' ಎಂಬ ಬಾಡಿಗೆಯ ಉಗ್ರಾಣದಲ್ಲಿ ಇರಿಸಿದ್ದನು. ಕಂಪ್ಯೂಟರು ಕೆಸರಿನಲ್ಲಿ ಹೂತುಹೋಯಿತು. ಆದರೆ ನಾಲ್ಕು ದಿನಗಳ ಮೇಲೆ ಗದಗಿನಲ್ಲಿ ಮಗಳ ಮನೆಯ ಬೇರೊಂದು ಕಂಪ್ಯೂಟರಿನಲ್ಲಿ ಸಕಲ ಲೆಕ್ಕವೂ ಪೈಸೆ ತಪ್ಪದೆ ತೆರೆದುಕೊಂಡಿತು. ಮುಗಿಲೇ ತಂದ ನೆರೆಯಿಂದ ಮುಗಿಲೇ ಕಾಪಾಡಿತೆಂದು ಮನೆಯವರೆಲ್ಲ ನಕ್ಕರು.

ಈ ಮುಗಿಲು ಆಕಾಶದಲ್ಲಿಲ್ಲವೆಂಬುದನ್ನು ವಾಚಕರಿಗೆ ಮೊದಲೇ ಹೇಳಬೇಕು. ಅದು ಮುಂಬಯಿಯಲ್ಲಿಯೋ ಹೈದರಾಬಾದಿನಲ್ಲಿಯೋ ಇರುವ ಭಾರಿ ಕಟ್ಟಡ. ಒಳಗೆ ಸಾಲುಸಾಲಾಗಿ ಯಂತ್ರಗಳು. ಅಮೆಜಾನ್ ಕಂಪನಿ ಅಂಥ ಕೇಂದ್ರವನ್ನು ಮುಂಬಯಿಯಲ್ಲಿ 2016ರಲ್ಲಿ, ಹೈದರಾಬಾದಿನಲ್ಲಿ 2022ರಲ್ಲಿ ತೆರೆಯಿತು. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರಷ್ಟೆ. ಇದು ಬಾಡಿಗೆಗೆ ಹಿಡಿದ ಹಗೇವು. ಗೋಡೆ ಕುಸಿಯದಂತೆ, ವಿದ್ಯುತ್ತು ನಿಲ್ಲದಂತೆ ನೋಡಿಕೊಳ್ಳುವುದು ಕಂಪನಿಯ ಹೊಣೆ. ಬಾಯಿಯನ್ನು ಯಾರು ತೆರೆಯಬೇಕು, ಯಾರು ಎಷ್ಟು ತೆಗೆಯಬೇಕು ಎಂಬುದು ಬಾಡಿಗೆದಾರನ ಹೊಣೆ. ಬಹುಜನ ವ್ಯಾಪಾರಿಗಳು ಎರಡನೆಯ ಹೊಣೆಯೂ ಕಂಪನಿಯದೇ ಎಂದು ನಂಬಿ ನಿಶ್ಚಿಂತರಾಗಿರುತ್ತಾರೆ.

ನನ್ನ ಪರಿಚಿತರ ಮನೆಯಲ್ಲಿ ಆದದ್ದೂ ಇದೇ. ನೆರೆಗೆ ಸಿಗದ ಲೆಕ್ಕ ಒಂದು ದಿನ ಯಾವ ಕಾರಣವೂ ಇಲ್ಲದೆ ತೆರೆಯದಾಯಿತು. ವಿಚಾರಿಸಿದರೆ, ಖಾತೆಯನ್ನು ಆರಂಭದಲ್ಲಿ ತೆರೆದವನು ಕಂಪ್ಯೂಟರ್ ಜೋಡಿಸಲು ಬಂದಿದ್ದ ಹುಡುಗ. ಒಡೆಯನೆಂದು ದಾಖಲಾದದ್ದು ಅವನ ಇ-ಮೇಲು, ಅವನ ಫೋನು. ಅವನು ಪುಣೆಗೆ ಹೋಗಿದ್ದನು, ನಂಬರನ್ನೂ ಬದಲಿಸಿದ್ದನು. ಅವನಲ್ಲಿ ದುರುದ್ದೇಶವಿರಲಿಲ್ಲ. ಆದರೂ ಲೆಕ್ಕ ಮರಳಿ ಕೈಸೇರಲು ಮೂರು ವಾರ ಹಿಡಿದವು. ಆ ಮೂರು ವಾರ ಮುದುಕರಿಗೆ ಊಟ ರುಚಿಸಲಿಲ್ಲ.

ಆದುದರಿಂದ ಅಂಗಡಿಯೋ ಔಷಧಾಲಯವೋ ಸೀರೆಯ ವ್ಯಾಪಾರವೋ ನಡೆಸುವ ವಾಚಕರು ಮೊದಲು ಮಾಡತಕ್ಕ ಕೆಲಸವಿದು: ಖಾತೆಯ ಒಡೆಯನ ಸ್ಥಾನದಲ್ಲಿ ಯಾರ ಹೆಸರು, ಯಾರ ಫೋನು ಇದೆಯೆಂದು ಇಂದೇ ತೆರೆದು ನೋಡಿರಿ. ಪಾಸ್‌ವರ್ಡ್ ಒಂದೇ ಸಾಲದು. ಎರಡನೆಯ ಗುರುತನ್ನೂ ಕೇಳುವಂತೆ ವ್ಯವಸ್ಥೆ ಮಾಡಿರಿ. ಅದು ಫೋನಿಗೆ ಸಂದೇಶವಾಗಿ ಬರುವ ಓಟಿಪಿಗಿಂತ, ಫೋನಿನಲ್ಲಿಯೇ ಅಂಕಿ ಹುಟ್ಟಿಸುವ ಆ್ಯಪ್ ಆದರೆ ಮೇಲು. ಫೋನೇ ಹೊಳೆಯ ಪಾಲಾದರೆ ಏನು ಗತಿ? ಅದಕ್ಕಾಗಿ ಕಂಪನಿಗಳು ಕೆಲವು ತುರ್ತು ಸಂಕೇತಗಳನ್ನು ಕೊಡುತ್ತವೆ. ಅವನ್ನು ಕಾಗದದ ಮೇಲೆ ಬರೆದು ಬೇರೆ ಊರಿನ ನಂಬುಗೆಯ ಬಂಧುಗಳಲ್ಲಿ ಇರಿಸಬೇಕು. ಗುಮಾಸ್ತನಿಗೆ ಬೇರೆ ಪ್ರವೇಶ ಕೊಡಬೇಕು, ಅವನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು, ಅವನು ಕೆಲಸ ಬಿಟ್ಟ ದಿನವೇ ಅದನ್ನು ತೆಗೆದುಹಾಕಬೇಕು. ಇದರಲ್ಲಿ ಅಪನಂಬಿಕೆಯೇನೂ ಇಲ್ಲ. ತಿಜೋರಿಯ ಕೀಲಿಯನ್ನು ನಾವು ಯಾರಿಗೂ ಊರಿಗೆ ಒಯ್ಯಲು ಕೊಡುವುದಿಲ್ಲವಲ್ಲ.

ಕೀಲಿ ಪರರ ಕೈಸೇರಿದರೆ ಏನಾದೀತೆಂಬುದಕ್ಕೆ 2014ರ ಕೋಡ್ ಸ್ಪೇಸಸ್ ಎಂಬ ಕಂಪನಿಯ ಕಥೆ ಸಾಕು. ಇತರರ ತಂತ್ರಾಂಶವನ್ನು ಕಾಯ್ದಿಡುವುದೇ ಅದರ ಉದ್ಯೋಗ. ದುಷ್ಕರ್ಮಿಯೊಬ್ಬ ಅದರ ಕ್ಲೌಡ್ ಖಾತೆಯ ಒಳಹೊಕ್ಕು ಹಣ ಕೇಳಿದನು. ಕಂಪನಿಯವರು ಕೀಲಿ ಬದಲಿಸಲು ಹೊರಟಾಗ ಒಂದೊಂದಾಗಿ ಅಳಿಸತೊಡಗಿದನು. ಪ್ರತಿಗಳೂ ಅದೇ ಕೀಲಿಯ ಕೆಳಗೇ ಇದ್ದುವು! ಕಂಪನಿ ಬಾಗಿಲು ಮುಚ್ಚಿತು.

ಪ್ರತಿಯ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಇದರಲ್ಲಿ ಜಾಣರೂ ಮೋಸಹೋಗುತ್ತಾರೆ. ಕಂಪ್ಯೂಟರಿನಲ್ಲಿದ್ದುದು ಕ್ಲೌಡಿನಲ್ಲಿಯೂ ತಾನಾಗಿ ಮೂಡುತ್ತದೆಂದ ಮಾತ್ರಕ್ಕೆ ಅದು ಪ್ರತಿಯಲ್ಲ, ಕನ್ನಡಿ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಬೇರೊಂದು ಕಂಪನಿಯಲ್ಲಿಯೋ, ದಿನದ ಕೆಲಸ ಮುಗಿದೊಡನೆ ಬಿಡಿಸಿಡುವ ಡಿಸ್ಕಿನಲ್ಲಿಯೋ ಇನ್ನೊಂದು ಪ್ರತಿ ಬೇಕೇ ಬೇಕು. ದಕ್ಷಿಣ ಕೊರಿಯದ ದೇಜಾನ್ ನಗರದಲ್ಲಿ 2025ರ ಸೆಪ್ಟೆಂಬರಿನಲ್ಲಿ ಸರಕಾರದ ಯಂತ್ರಾಗಾರಕ್ಕೆ ಬೆಂಕಿ ಬಿದ್ದಾಗ ಅಧಿಕಾರಿಗಳ 858 ಟೆರಾಬೈಟ್ ಕಡತಗಳು ಸುಟ್ಟುಹೋದವು. ಹೊರಗೆ ಪ್ರತಿಯೇ ಇರಲಿಲ್ಲ. ಇದಕ್ಕೆ ವಿರುದ್ಧವಾಗಿ 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯದ ಯೂನಿಸೂಪರ್ ಎಂಬ ನಿವೃತ್ತಿನಿಧಿಯ ವ್ಯವಸ್ಥೆ ಗೂಗಲ್ ಕ್ಲೌಡಿನಲ್ಲಿ ಆದ ತಪ್ಪಿನಿಂದ ಅಳಿದುಹೋದಾಗ, ಬೇರೆ ಕಂಪನಿಯಲ್ಲಿಯೂ ಪ್ರತಿ ಇಟ್ಟಿದ್ದುದು ಅದರ ನೆರವಿಗೆ ಬಂದಿತು. ಅದರ ಸದಸ್ಯರು ಐದು ಲಕ್ಷಕ್ಕೂ ಮೇಲ್ಪಟ್ಟವರು.

ಇನ್ನು ಬಾಡಿಗೆ. ಹಣ ಕಟ್ಟುವ ಬ್ಯಾಂಕ್ ಕಾರ್ಡಿನ ಅವಧಿ ಮುಗಿದು, ಎಚ್ಚರಿಕೆಯ ಪತ್ರಗಳನ್ನು ಯಾರೂ ಓದದೆ, ಕೊನೆಗೆ ಖಾತೆಯೇ ಮುಚ್ಚಿಹೋಗುವುದುಂಟು. ಜಿಎಸ್‌ಟಿ ಕಾಯಿದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪತ್ರ ಸಲ್ಲಿಸುವ ಕಡೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. ಕಾರ್ಡಿನ ಅವಧಿ ಮುಗಿಯಿತೆಂಬ ನೆಪ ಅಲ್ಲಿ ನಡೆಯದು. 'ಲಿಂಕ್ ಇರುವವರೆಲ್ಲರೂ ನೋಡಬಹುದು' ಎಂಬ ಅನುಮತಿಯನ್ನೂ ಆಗಾಗ ಹುಡುಕಿ ತೆಗೆಯಿರಿ. ವಂಚನೆಯಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಿರಿ.

ನನ್ನ ಪರಿಚಿತರ ಮನೆಯಲ್ಲಿ ಈಗ ತಿಂಗಳ ಮೊದಲ ರವಿವಾರ ಒಂದು ಹೊಸ ಪದ್ಧತಿ ನಡೆದುಬಂದಿದೆ. ಮಗನು ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆಯುತ್ತಾನೆ. ಮುದುಕರು ಕನ್ನಡಕವೇರಿಸಿ ಮಗ್ಗುಲಲ್ಲಿ ಕೂತು ತಮಗೆ ತೋಚಿದ ಒಂದು ಗಿರಾಕಿಯ ಹೆಸರು ಹೇಳುತ್ತಾರೆ. ಬಾಕಿ ಎಷ್ಟೆಂದು ತಾವೇ ನೆನಪಿನಿಂದ ಹೇಳಿ, ಆಮೇಲೆ ಪರದೆಯನ್ನು ನೋಡುತ್ತಾರೆ. ಕಳೆದ ಸಲ ನಾನು ಹೋದಾಗ ಎರಡು ಅಂಕಿಗಳಿಗೂ ನಲವತ್ತು ರೂಪಾಯಿ ವ್ಯತ್ಯಾಸ ಬಂದಿತು. "ತಮ್ಮಾ, ಮೊನ್ನಿ ಎಣ್ಣಿ ಒಯ್ದದ್ದು ಬರದಿಲ್ಲ ನೀ" ಎಂದರು. ಹುಡುಕಿದಾಗ ಅವರು ಹೇಳಿದ್ದೇ ಸರಿಯಾಗಿತ್ತು.