ಎಣಿಸ್ತಾರೆ, ನೋಡೋದಿಲ್ಲ

ಚೆನ್ನಾಗಿ ಕೆಲಸ ಮಾಡ್ತಾ ಇರೋನನ್ನು ಮಧ್ಯದಲ್ಲೇ ಎಬ್ಬಿಸಿ ಮನೆಗೆ ಕಳಿಸೋದನ್ನು ಜಾಣತನ ಅಂತ ಕರೆಯೋ ಆಟ ಯಾವುದಾದರೂ ಇದ್ದರೆ ಅದು ಇವತ್ತಿನ ಅಮೆರಿಕದ ಬೇಸ್‌ಬಾಲ್. ಉತ್ಪ್ರೇಕ್ಷೆ ಅನ್ನಿಸಿದರೆ ಒಂದು ರಾತ್ರಿಯ ಕಥೆ ಕೇಳಿ.

2020ರ ಅಕ್ಟೋಬರ್ 27. ಟೆಕ್ಸಸ್‌ನ ಆರ್ಲಿಂಗ್ಟನ್. ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ. ಟ್ಯಾಂಪಾ ಬೇ ರೇಸ್ ಸೋತರೆ ಕಥೆ ಮುಗೀತು, ಗೆದ್ದರೆ ಏಳನೇ ಪಂದ್ಯ. ಅವರ ಎಡಗೈ ಪಿಚರ್ ಬ್ಲೇಕ್ ಸ್ನೆಲ್ ಅವತ್ತು ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಒಂಬತ್ತು ಔಟ್‌ಗಳನ್ನು ಸ್ಟ್ರೈಕ್‌ಔಟ್‌ನಲ್ಲೇ ತೆಗೆದಿದ್ದ. ಕೊಟ್ಟಿದ್ದು ಎರಡೇ ಹಿಟ್. ಒಬ್ಬನನ್ನೂ ಪುಕ್ಕಟೆಯಾಗಿ ಬೇಸ್‌ಗೆ ಕಳಿಸಿರಲಿಲ್ಲ. ಎದುರಾಳಿಯ ಮೊದಲ ಮೂವರು, ಬೆಟ್ಸ್, ಸೀಗರ್, ಟರ್ನರ್, ತಲಾ ಎರಡು ಸಲ ಬಂದು ಆರಕ್ಕೆ ಆರೂ ಸ್ಟ್ರೈಕ್‌ಔಟ್. ರೇಸ್ 1-0 ಮುಂದಿತ್ತು. ಆರನೇ ಇನಿಂಗ್ಸಿನಲ್ಲಿ ಒಬ್ಬ ಔಟಾದ ಮೇಲೆ ಒಂಬತ್ತನೇ ಬ್ಯಾಟರ್ ಒಂದು ಸಾಧಾರಣ ಹಿಟ್ ಹೊಡೆದ. ಅಷ್ಟೇ. ಮ್ಯಾನೇಜರ್ ಕೆವಿನ್ ಕ್ಯಾಶ್ ಮೈದಾನಕ್ಕೆ ನಡೆದುಬಂದು ಸ್ನೆಲ್ ಕೈಯಿಂದ ಚೆಂಡು ಇಸ್ಕೊಂಡ. ಒಟ್ಟು 73 ಎಸೆತ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದರ ಗಂಭೀರತೆ ತಟ್ಟಂತ ಅರ್ಥ ಆಗಲ್ಲ. ನಮ್ಮಲ್ಲಿ ಬೌಲರ್ ಆರು ಎಸೆತ ಹಾಕಿ ಫೈನ್ ಲೆಗ್ಗಿಗೆ ಹೋಗ್ತಾನೆ, ಆಮೇಲೆ ವಾಪಸ್ ಬರ್ತಾನೆ. ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಪಂದ್ಯ ಶುರು ಮಾಡಿದ ಪಿಚರ್, ಅಂದರೆ ಸ್ಟಾರ್ಟರ್, ಒಂದು ಸಲ ಹೊರಗೆ ಹೋದರೆ ಆ ಪಂದ್ಯಕ್ಕೆ ಹೋದ ಹಾಗೆಯೇ. ಒಂಬತ್ತು ಇನಿಂಗ್ಸ್, ಇನಿಂಗ್ಸಿಗೆ ಮೂರರಂತೆ 27 ಔಟ್. ಅದರಲ್ಲಿ ಅವನು ಎಷ್ಟು ತೆಗೀಬೇಕು, ಯಾವಾಗ ಇಳೀಬೇಕು ಅನ್ನೋದೇ ಆ ಆಟದ ಅತಿ ದೊಡ್ಡ ತೀರ್ಮಾನ.

ಸ್ನೆಲ್ ಜಾಗಕ್ಕೆ ಬಂದ ನಿಕ್ ಆಂಡರ್ಸನ್‌ಗೆ ಬೆಟ್ಸ್ ಡಬಲ್ ಹೊಡೆದ. ಒಂದು ಎಸೆತ ದಾರಿ ತಪ್ಪಿ ಒಂದು ರನ್, ಸೀಗರ್ ಹೊಡೆದ ನೆಲದ ಚೆಂಡಿಗೆ ಇನ್ನೊಂದು. ಡಾಡ್ಜರ್ಸ್ 3-1ರಿಂದ ಗೆದ್ದು, 1988ರ ನಂತರ ಮೊದಲ ಸಲ ಚಾಂಪಿಯನ್ ಆಯ್ತು. ಸ್ನೆಲ್ ಹೊರಗೆ ಹೋಗಿದ್ದು ನೋಡಿ ಖುಷಿಯಾಯ್ತು ಅಂತ ಬೆಟ್ಸ್ ಆಮೇಲೆ ಮುಚ್ಚುಮರೆ ಇಲ್ಲದೆ ಹೇಳಿದ. ಎದುರಾಳಿಗೆ ಖುಷಿ ಕೊಡೋ ತೀರ್ಮಾನ ತಗೊಳ್ಳೋಕೆ ಇಷ್ಟೆಲ್ಲ ಅಂಕಿಅಂಶ ಬೇಕಿತ್ತಾ?

ಕ್ಯಾಶ್ ಸಮರ್ಥನೆ ಏನು? ಬೆಟ್ಸ್ ಮತ್ತು ಸೀಗರ್ ಮೂರನೇ ಸಲ ಸ್ನೆಲ್‌ನನ್ನು ಎದುರಿಸೋದು ಬೇಡವಾಗಿತ್ತಂತೆ. ಇದು ಗಾಳಿಮಾತಲ್ಲ. ಬ್ಯಾಟರ್ ಒಬ್ಬ ಪಿಚರ್‌ನನ್ನು ಒಂದೇ ಪಂದ್ಯದಲ್ಲಿ ಮತ್ತೆ ಮತ್ತೆ ನೋಡಿದಷ್ಟೂ ಚೆನ್ನಾಗಿ ಹೊಡೀತಾನೆ ಅನ್ನೋದು ಸರಾಸರಿಯಲ್ಲಿ ನಿಜ. ಅದನ್ನು ನಾನೂ ಒಪ್ತೀನಿ. ತಕರಾರು ಇರೋದು ಆ ಸರಾಸರಿಯನ್ನು ಬಳಸೋ ರೀತಿಯ ಬಗ್ಗೆ.

ಒಂದು, ಇದು ಇಳಿಜಾರು, ಪ್ರಪಾತ ಅಲ್ಲ. ರಯಾನ್ ಬ್ರಿಲ್, ಸಮೀರ್ ದೇಶಪಾಂಡೆ, ಅಬ್ರಹಾಂ ವೈನರ್ ಅನ್ನೋ ಸಂಖ್ಯಾಶಾಸ್ತ್ರಜ್ಞರು ಇದನ್ನು ಕೆದಕಿ ನೋಡಿದರು. ಪಿಚರ್ ಪಂದ್ಯದುದ್ದಕ್ಕೂ ಸ್ವಲ್ಪ ಸ್ವಲ್ಪವೇ ಸವೀತಾನೆ, ಮೂರನೇ ಸುತ್ತು ಶುರುವಾದ ಕೂಡಲೇ ದಿಢೀರನೆ ಬೀಳ್ತಾನೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ ಅಂದರು. ಅಂದಮೇಲೆ 18ನೇ ಬ್ಯಾಟರ್‌ವರೆಗೆ ರಾಜ, 19ನೇ ಬ್ಯಾಟರ್‌ಗೆ ಭಿಕಾರಿ ಅನ್ನೋ ಲೆಕ್ಕ ಎಲ್ಲಿಂದ ಬಂತು?

ಎರಡು, ಸುಸ್ತಾದ ಸ್ಟಾರ್ಟರ್ ಬದಲು ಬರೋದು ‘ಸರಾಸರಿ ರಿಲೀವರ್’ ಅನ್ನೋ ಕಾಲ್ಪನಿಕ ಪ್ರಾಣಿ ಅಲ್ಲ. ಹೆಸರು, ಕೈ, ಹಿಂದಿನ ವಾರದ ದಣಿವು ಎಲ್ಲ ಇರೋ ಮನುಷ್ಯ. ಆಂಡರ್ಸನ್ ಅದಕ್ಕೆ ಮೊದಲಿನ ಆರು ಪ್ಲೇಆಫ್ ಪಂದ್ಯಗಳಲ್ಲೂ ಸತತವಾಗಿ ರನ್ ಕೊಟ್ಟಿದ್ದ. ಸಾಲದ್ದಕ್ಕೆ ಅವನು ಬಲಗೈ ಪಿಚರ್. ಬೆಟ್ಸ್ ಆ ವರ್ಷ ಎಡಗೈಯವರ ಎದುರು ಒದ್ದಾಡಿ, ಬಲಗೈಯವರನ್ನು ಚಚ್ಚಿದ್ದ. ಇದೂ ಅಂಕಿಅಂಶವೇ. ಸ್ನೆಲ್‌ನನ್ನು ತೆಗೆಯೋಕೆ ಅಂಕಿ ನೋಡಿದೋರು ಆಂಡರ್ಸನ್‌ನನ್ನು ತರೋಕೆ ಮುಂಚೆ ಯಾಕೆ ನೋಡಲಿಲ್ಲ? ಹಾಗಾಗಿ ಇದನ್ನು ಅಂಕಿಅಂಶದ ವಿರುದ್ಧ ಹಳೇ ತಲೆಮಾರಿನ ಗೊಣಗಾಟ ಅಂದ್ಕೋಬೇಡಿ. ಅರ್ಧ ಲೆಕ್ಕ ಮಾಡಿ ಪೂರ್ತಿ ಲೆಕ್ಕ ಅಂತ ಮಾರೋದರ ವಿರುದ್ಧ ನನ್ನ ಜಗಳ.

ಪೂರ್ತಿ ಲೆಕ್ಕ ಹೇಗಿರಬೇಕು? ಒಬ್ಬ ಪಿಚರ್ ಇನಿಂಗ್ಸಿಗೆ ಎಷ್ಟು ಎಸೆತ ಖರ್ಚು ಮಾಡ್ತಿದಾನೆ ಅನ್ನೋದರಿಂದ ಶುರು ಮಾಡೋಣ. 15ರ ಒಳಗಿದ್ದರೆ ಚೆನ್ನಾಗಿದೆ ಅಂತ ಅರ್ಥ. ಸ್ನೆಲ್ ಅವತ್ತು ಇನಿಂಗ್ಸಿಗೆ ಸುಮಾರು 14ರಲ್ಲಿದ್ದ. ಅದೇ ವೇಗದಲ್ಲಿ ಏಳು ಇನಿಂಗ್ಸ್ ಮುಗಿಸಿದ್ದರೂ ನೂರು ದಾಟ್ತಿರಲಿಲ್ಲ. ಈ ಮಿತವ್ಯಯದ ಗುರು ಗ್ರೆಗ್ ಮ್ಯಾಡಕ್ಸ್. ಒಂದೂ ರನ್ ಕೊಡದೆ, ನೂರಕ್ಕಿಂತ ಕಡಿಮೆ ಎಸೆತದಲ್ಲಿ ಇಡೀ ಪಂದ್ಯ ಮುಗಿಸೋದಕ್ಕೆ ‘ಮ್ಯಾಡಕ್ಸ್’ ಅಂತಲೇ ಹೆಸರು. ಅವನೊಬ್ಬನೇ ಅಂಥ 13 ಪಂದ್ಯ ಎಸೆದಿದಾನೆ. ಅವನ ಗುಟ್ಟು ವೇಗ ಅಲ್ಲ. ಬ್ಯಾಟರ್ ಹೊಡೆಯಲಿ, ಆದರೆ ಕೆಟ್ಟದಾಗಿ ಹೊಡೆಯಲಿ ಅನ್ನೋ ಜಾಗಕ್ಕೆ ಚೆಂಡು ಹಾಕೋದು. ಸ್ಟ್ರೈಕ್‌ಔಟ್‌ಗೆ ಕನಿಷ್ಠ ಮೂರು ಎಸೆತ ಬೇಕು, ನೆಲದ ಮೇಲೆ ಉರುಳಿಸಿ ಔಟಾಗೋದಕ್ಕೆ ಒಂದೇ ಸಾಕು.

ಇದರ ಇನ್ನೊಂದು ತುದಿಗೆ ಎಡ್ವಿನ್ ಜಾಕ್ಸನ್‌ನನ್ನು ನಿಲ್ಲಿಸಿ. 2010ರ ಜೂನ್‌ನಲ್ಲಿ ಅವನು ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದ. ಆದರೆ ಎಂಟು ಜನರನ್ನು ವಾಕ್ ಮಾಡಿ, 149 ಎಸೆತ ಸುರಿದು. ದಾಖಲೆ ಪುಸ್ತಕದಲ್ಲಿ ಅದ್ಭುತ, ಕೈಗೆ ಶಿಕ್ಷೆ. ಜಾಕ್ಸನ್‌ನನ್ನು ಇನ್ನೂ ಮುಂಚೆಯೇ ಇಳಿಸಿದ್ದರೆ ನಾನು ಚಪ್ಪಾಳೆ ತಟ್ತಿದ್ದೆ. ಉಳಿಸೋದಾದರೂ ಇಳಿಸೋದಾದರೂ ಎದುರಿಗಿರೋ ಮನುಷ್ಯನನ್ನು ನೋಡಿ ಮಾಡಿ ಅನ್ನೋದಷ್ಟೇ ನನ್ನ ವಾದ.

ಈಗ ‘ಹಾಗಾದರೆ 2003ನ್ನು ಮರೆತ್ರಾ?’ ಅಂತ ಯಾರಾದರೂ ಕೇಳೇ ಕೇಳ್ತಾರೆ. ಮರೆತಿಲ್ಲ. ಬಾಸ್ಟನ್ ರೆಡ್ ಸಾಕ್ಸ್ ಯಾಂಕೀಸ್ ವಿರುದ್ಧ ಏಳನೇ ಪಂದ್ಯದ ಎಂಟನೇ ಇನಿಂಗ್ಸಿನಲ್ಲಿ 5-2 ಮುಂದಿತ್ತು. ಪೆಡ್ರೊ ಮಾರ್ಟಿನೆಜ್ ದಣಿದಿದ್ದ. ಅವನಿಗೆ ಏಳನೇ ಇನಿಂಗ್ಸಿನಲ್ಲೇ ಹೋಂ ರನ್ ಬಿದ್ದಿತ್ತು. ಎಂಟರಲ್ಲಿ ಒಂದರ ಹಿಂದೆ ಒಂದು ಹಿಟ್. ಮ್ಯಾನೇಜರ್ ಗ್ರೇಡಿ ಲಿಟಲ್ ಹತ್ತಿರ ಹೋಗಿ ಮಾತಾಡಿಸಿ, ಅವನನ್ನೇ ಬಿಟ್ಟು ಬಂದ. 123 ಎಸೆತ ಆಗೋ ಹೊತ್ತಿಗೆ 5-5. ಹನ್ನೊಂದನೇ ಇನಿಂಗ್ಸಿನಲ್ಲಿ ಪಂದ್ಯವೂ ಹೋಯ್ತು, ಆಮೇಲೆ ಲಿಟಲ್ ಕೆಲಸವೂ ಹೋಯ್ತು. ಅವತ್ತು ಬೇಸ್‌ಬಾಲ್ ಕಲೀಬೇಕಾಗಿದ್ದ ಪಾಠ: ಚಿಹ್ನೆಗಳು ಕಣ್ಣೆದುರಿಗಿದ್ದರೆ ನೋಡು. ಕಲಿತ ಪಾಠ: ನೋಡೋದೇ ಬೇಡ, ಮುಂಚೆಯೇ ತೆಗೆದುಬಿಡು. ನೆಗಡಿ ಬಂತು ಅಂತ ಮೂಗನ್ನೇ ಕೊಯ್ಕೊಂಡ ಹಾಗೆ.

ಯೋಹಾನ್ ಸಂತಾನಾ ಉದಾಹರಣೆ ಇನ್ನೂ ನೋವಿನದು. 2010ರಲ್ಲಿ ಭುಜದ ಆಪರೇಶನ್, 2011 ಪೂರ್ತಿ ಮನೆಯಲ್ಲಿ. 2012ರ ಜೂನ್ 1ರಂದು 134 ಎಸೆತ ಹಾಕಿ ಮೆಟ್ಸ್ ತಂಡದ ಇತಿಹಾಸದ ಮೊದಲ ನೋ-ಹಿಟರ್ ಮುಗಿಸಿದ. ಆ ಆಗಸ್ಟ್ ಆದಮೇಲೆ ಮೇಜರ್ ಲೀಗ್‌ನಲ್ಲಿ ಅವನು ಮತ್ತೆ ಎಸೆಯಲೇ ಇಲ್ಲ. ಆ ಒಂದು ರಾತ್ರಿಯೇ ಕಾರಣ ಅಂತ ಯಾರೂ ಸಾಬೀತು ಮಾಡೋಕಾಗಲ್ಲ, ಆದರೆ ಆ ಭುಜಕ್ಕೆ 134 ಹೆಚ್ಚಾಯ್ತು ಅನ್ನೋದಕ್ಕೆ ಪಿಎಚ್‌ಡಿ ಬೇಕಾಗಿಲ್ಲ. ಹಾಗೆಯೇ 2022ರ ಏಪ್ರಿಲ್‌ನಲ್ಲಿ ಕ್ಲೇಟನ್ ಕರ್ಶಾನನ್ನು ಏಳು ಪರ್ಫೆಕ್ಟ್ ಇನಿಂಗ್ಸ್ ಆದಮೇಲೆ, ಬರೀ 80 ಎಸೆತಕ್ಕೆ, ಡಾಡ್ಜರ್ಸ್ ಮ್ಯಾನೇಜರ್ ಡೇವ್ ರಾಬರ್ಟ್ಸ್ ಇಳಿಸಿದಾಗ ಊರೆಲ್ಲ ಬೈತು. ನಾನು ಬೈಯಲ್ಲ. ಹಿಂದಿನ ವರ್ಷ ಕೈ ಕೆಟ್ಟಿತ್ತು, ಲಾಕ್‌ಔಟ್‌ನಿಂದಾಗಿ ಸೀಸನ್ ಪೂರ್ವ ತಯಾರಿ ಮೊಟಕಾಗಿತ್ತು, ಕೊರೆಯೋ ಚಳಿ, ಮತ್ತು ಕರ್ಶಾ ತಾನೇ ಆ ತೀರ್ಮಾನ ಸರಿ ಅಂದ. ಅಲ್ಲಿ ಯಾರೋ ನೋಡಿದರು, ಕೇಳಿದರು. ಅಷ್ಟು ಸಾಕು.

ಇನ್ನು 1974ರಲ್ಲಿ ನೋಲನ್ ರಯಾನ್ ಒಂದೇ ಪಂದ್ಯದಲ್ಲಿ 235 ಎಸೆತ ಹಾಕಿ 46ರ ವಯಸ್ಸಿನವರೆಗೂ ಆಡಿದ ಅಂತ ಎದೆ ತಟ್ಟೋ ಹಿರಿಯರಿಗೂ ಒಂದು ಮಾತು. ಉಳಿದವನ ಹೆಸರು ನಮಗೆ ಗೊತ್ತಿದೆ, ಕೈ ಮುರಿದು ಮನೆಗೆ ಹೋದವರ ಹೆಸರು ಗೊತ್ತಿಲ್ಲ. ಆ ಕಾಲಕ್ಕೆ ವಾಪಸ್ ಹೋಗೋಣ ಅಂತ ನಾನು ಹೇಳ್ತಿಲ್ಲ.

ಆದರೆ ಇವತ್ತಿನ ಪದ್ಧತಿ ಕೈಗಳನ್ನು ಉಳಿಸ್ತಾ ಇದೆಯಾ? ಇಡೀ ಚರ್ಚೆಯ ಹೊಟ್ಟೆ ಇರೋದು ಇಲ್ಲೇ. 1975ರಲ್ಲಿ ಕ್ಯಾಟ್‌ಫಿಶ್ ಹಂಟರ್ ಒಬ್ಬನೇ 30 ಪಂದ್ಯಗಳನ್ನು ಪೂರ್ತಿ ಎಸೆದಿದ್ದ. 2024ರಲ್ಲಿ ಮೂವತ್ತು ತಂಡಗಳ ಎಲ್ಲ ಪಿಚರ್‌ಗಳೂ ಸೇರಿ ಎಸೆದಿದ್ದು 28. ಇಷ್ಟು ಜೋಪಾನ ಮಾಡಿದ ಮೇಲೆ ಮೊಣಕೈಗಳು ಹೂವಿನ ಹಾಗಿರಬೇಕಿತ್ತು ಅಲ್ವಾ? ಇಲ್ಲ. ಗಾಯಾಳುಗಳ ಪಟ್ಟಿ ಬೆಳೀತಾನೇ ಇದೆ. 1974ರಲ್ಲಿ ಡಾಕ್ಟರ್ ಫ್ರ್ಯಾಂಕ್ ಜೋಬ್ ಮೊದಲ ಸಲ ಮಾಡಿದ ಟಾಮಿ ಜಾನ್ ಸರ್ಜರಿ ಆಗ ಪವಾಡ, ಈಗ ದಿನನಿತ್ಯದ ಸುದ್ದಿ. ಮೇಜರ್ ಲೀಗ್ ಬೇಸ್‌ಬಾಲ್ ತಾನೇ 2024ರ ಡಿಸೆಂಬರ್‌ನಲ್ಲಿ ವರದಿ ಬಿಡುಗಡೆ ಮಾಡಿ ಕಾರಣ ಹೇಳ್ತು: ವೇಗದ ಬೆನ್ನು ಹತ್ತಿರೋದು, ಚೆಂಡನ್ನು ವಿಪರೀತ ತಿರುಗಿಸೋ ಹಟ, ಪ್ರತಿ ಎಸೆತಕ್ಕೂ ಪೂರ್ತಿ ಶಕ್ತಿ ಸುರಿಯೋದು. ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ ಗಂಟೆಗೆ 91 ಮೈಲಿ ಆಸುಪಾಸು ಇದ್ದದ್ದು 2024ಕ್ಕೆ 94 ದಾಟಿದೆ.

ಯಾಕೆ ಅಂತ ಯೋಚನೆ ಮಾಡಿ. ನಿನ್ನ ಕೆಲಸ ಐದು ಇನಿಂಗ್ಸ್ ಮಾತ್ರ, ಆಮೇಲೆ ಹೇಗಿದ್ರೂ ಬೇರೆಯವರು ಬರ್ತಾರೆ ಅಂತ ಮೊದಲೇ ಹೇಳಿಬಿಟ್ಟರೆ ಯಾರು ಶಕ್ತಿ ಉಳಿಸಿಕೊಳ್ತಾರೆ? ಮ್ಯಾರಥಾನ್ ಓಡೋನಿಗೆ ನಾನೂರು ಮೀಟರ್‌ಗೆ ನಿಲ್ಲಿಸ್ತೀವಿ ಅಂದರೆ ಅವನು ನಾನೂರು ಮೀಟರ್‌ನ ಓಟವನ್ನೇ ಓಡ್ತಾನೆ. ಪೂರ್ತಿ ಶಕ್ತಿ ಹಾಕಿದಾಗ ಸ್ಟ್ರೈಕ್‌ಔಟ್ ಹೆಚ್ಚಾಗುತ್ತೆ, ಜೊತೆಗೆ ಎಸೆತವೂ ಹೆಚ್ಚಾಗುತ್ತೆ. ಐದನೇ ಇನಿಂಗ್ಸಿಗೆ 90 ಆಗುತ್ತೆ. ಆಗ ನೋಡಿ, ಇವನಿಂದ ಐದಕ್ಕಿಂತ ಜಾಸ್ತಿ ಆಗಲ್ಲ ಅಂತಾರೆ. ಕಾಲು ಕಟ್ಟಿಹಾಕಿ, ಓಡೋಕೆ ಬರಲ್ಲ ಅಂತ ಅಪ್ರೈಸಲ್‌ನಲ್ಲಿ ಬರೆಯೋ ಮ್ಯಾನೇಜರ್‌ಗಳನ್ನು ನಾವೂ ನೋಡಿಲ್ವಾ?

ಇದರ ಹಿಂದೆ ದುಡ್ಡಿನ ಲೆಕ್ಕವೂ ಇದೆ. ಉದ್ದಕ್ಕೆ ಎಸೆಯೋ ಒಳ್ಳೆ ಸ್ಟಾರ್ಟರ್ ದುಬಾರಿ. ಒಂದೊಂದು ಇನಿಂಗ್ಸ್ ಬೆಂಕಿ ಉಗುಳೋ ಹುಡುಗರು ಅಗ್ಗ, ಮತ್ತು ಒಬ್ಬ ಸೋತರೆ ಅವನನ್ನು ಕೆಳಗಿನ ಲೀಗ್‌ಗೆ ಕಳಿಸಿ ಇನ್ನೊಬ್ಬನನ್ನು ಕರೆಸಬಹುದು. ಇದೇ ಕ್ಯಾಶ್, ಇದೇ ರೇಸ್ 2018ರ ಮೇನಲ್ಲಿ ರಿಲೀವರ್ ಸೆರ್ಜಿಯೊ ರೋಮೊನನ್ನು ಪಂದ್ಯ ಶುರು ಮಾಡೋಕೆ ಇಳಿಸಿ, ಸ್ಟಾರ್ಟರ್ ಅನ್ನೋ ಹುದ್ದೆಯನ್ನೇ ಕತ್ತರಿಸಿ ನೋಡಿತ್ತು. ಜಾಣ ಪ್ರಯೋಗವೇ. ಆದರೆ ‘ಎಫಿಶಿಯೆನ್ಸಿ’ ಅಂತ ಯಾರಾದರೂ ಅಂದಾಗ, ಯಾರ ಎಫಿಶಿಯೆನ್ಸಿ ಅಂತ ತಿರುಗಿ ಕೇಳೋ ಅಭ್ಯಾಸ ನಮಗಿರಬೇಕು. ಪಿಚರ್‌ದಾ, ಮಾಲೀಕರದಾ? ಕಡಿಮೆ ಎಸೆತದಲ್ಲಿ ಹೆಚ್ಚು ಔಟ್ ತೆಗೆಯೋನಿಗೆ ಬಹುಮಾನವಾಗಿ ಇನ್ನಷ್ಟು ಇನಿಂಗ್ಸ್ ಸಿಗಬೇಕು. ಈಗ ಸಿಗೋದು ಬೆನ್ನು ತಟ್ಟಿ ಒಂದು ಟವೆಲ್.

ಪರಿಹಾರ? ಸ್ಟಾರ್ಟರ್ ಕಡ್ಡಾಯವಾಗಿ ಆರು ಇನಿಂಗ್ಸ್ ಎಸೀಬೇಕು ಅನ್ನೋ ನಿಯಮದ ಮಾತು 2024ರಲ್ಲಿ ಕೇಳಿಬಂತು. ನನಗೆ ಒಪ್ಪಿಗೆ ಇಲ್ಲ. ಐದರ ಜಾಗಕ್ಕೆ ಆರು ಬಂದರೆ ಅದೂ ಇನ್ನೊಂದು ಕುರುಡು ಸಂಖ್ಯೆಯೇ. ದಣಿದವನನ್ನು ನಿಯಮಕ್ಕೋಸ್ಕರ ನಿಲ್ಲಿಸೋದು ಪಾಪ. ಅದಕ್ಕಿಂತ ತಂಡದಲ್ಲಿರೋ ಪಿಚರ್‌ಗಳ ಸಂಖ್ಯೆ ಇಳಿಸಿ. ಈಗ 26 ಜನರಲ್ಲಿ 13 ಪಿಚರ್‌ಗಳಿರಬಹುದು. ಹಂತಹಂತವಾಗಿ 11ಕ್ಕೆ ತನ್ನಿ. ಬದಲಿ ಆಟಗಾರರು ಕಡಿಮೆಯಾದರೆ ಮ್ಯಾನೇಜರ್ ತಾನಾಗಿಯೇ ಸ್ಟಾರ್ಟರ್‌ನನ್ನು ದಿಟ್ಟಿಸಿ ನೋಡೋಕೆ ಶುರು ಮಾಡ್ತಾನೆ. ಪಿಚರ್ ತಾನಾಗಿಯೇ ಶಕ್ತಿ ಉಳಿಸೋಕೆ ಕಲೀತಾನೆ. ಅಕಾಡೆಮಿಗಳಲ್ಲಿ ಹದಿನಾರರ ಹುಡುಗನಿಗೆ ಬರೀ ವೇಗ ಕಲಿಸೋದು ಬಿಟ್ಟು ಚೆಂಡು ಹಾಕೋ ಜಾಗ ಕಲಿಸ್ತಾರೆ.

‘ಈ ಕಾಲದಲ್ಲಿ ಅದೆಲ್ಲ ಆಗಲ್ಲ’ ಅನ್ನೋರಿಗೆ 2025 ಉತ್ತರ ಕೊಟ್ಟಿದೆ. ಮೇ ತಿಂಗಳಲ್ಲಿ ಡೆಟ್ರಾಯಿಟ್‌ನ ಟಾರಿಕ್ ಸ್ಕೂಬಲ್ 94 ಎಸೆತದಲ್ಲಿ ಇಡೀ ಪಂದ್ಯ ಮುಗಿಸಿದ, 13 ಸ್ಟ್ರೈಕ್‌ಔಟ್ ಸಮೇತ. ಕೊನೆಯ ಎಸೆತ ಗಂಟೆಗೆ 102 ಮೈಲಿ ದಾಟಿತ್ತು. ಅಕ್ಟೋಬರ್‌ನಲ್ಲಿ ಡಾಡ್ಜರ್ಸ್‌ನ ಯೋಶಿನೊಬು ಯಮಾಮೊಟೊ ಮಿಲ್ವಾಕಿ ವಿರುದ್ಧ 111 ಎಸೆತದಲ್ಲಿ ಪೂರ್ತಿ ಪಂದ್ಯ, ಅದರ ಮುಂದಿನ ಸರದಿಯಲ್ಲೇ ವರ್ಲ್ಡ್ ಸೀರೀಸ್‌ನಲ್ಲಿ ಟೊರಾಂಟೊ ವಿರುದ್ಧ 105 ಎಸೆತದಲ್ಲಿ ಇನ್ನೊಂದು ಪೂರ್ತಿ ಪಂದ್ಯ ಎಸೆದ. ಟೊರಾಂಟೊದ ಕೊನೆಯ 20 ಬ್ಯಾಟರ್‌ಗಳನ್ನು ಸಾಲಾಗಿ ಔಟ್ ಮಾಡಿದ. ಮೂರನೇ ಸುತ್ತು, ನಾಲ್ಕನೇ ಸುತ್ತು ಯಾವುದೂ ಅಡ್ಡ ಬರಲಿಲ್ಲ. ಅವನನ್ನು ಎಸೆಯೋಕೆ ಬಿಟ್ಟಿದ್ದು ಯಾರು? ಮೂರು ವರ್ಷದ ಹಿಂದೆ ಕರ್ಶಾನನ್ನು 80ಕ್ಕೆ ಇಳಿಸಿದ ಅದೇ ಡೇವ್ ರಾಬರ್ಟ್ಸ್. ತನ್ನ ರಿಲೀವರ್‌ಗಳು ಆ ತಿಂಗಳು ತಡವರಿಸ್ತಿದ್ದದ್ದೂ ಅವನಿಗೆ ಗೊತ್ತಿತ್ತು. ಎರಡೂ ಸಲ ಮ್ಯಾನೇಜರ್ ಒಬ್ಬನೇ, ತೀರ್ಮಾನ ಬೇರೆ, ಯಾಕಂದ್ರೆ ಎದುರಿಗಿದ್ದ ಕೈ ಬೇರೆ.

ಎಣಿಸೋದು ಬಿಡಿ ಅಂತ ನಾನು ಹೇಳ್ತಿಲ್ಲ. ಎಣಿಸಿ, ಚೆನ್ನಾಗಿ ಎಣಿಸಿ, ಎಲ್ಲವನ್ನೂ ಎಣಿಸಿ. ಎಣಿಸಿ ಆದಮೇಲೆ ದಯವಿಟ್ಟು ಒಂದು ಸಲ ತಲೆ ಎತ್ತಿ ನೋಡಿ.