ಪೇಟೆ ಬೀದಿಯ ಸಂಚಾರ ಗಣತಿ: ವರ್ತಕರು ಪರಿಶೀಲಿಸಬೇಕಾದ ಲೆಕ್ಕ

ಪೇಟೆ ಬೀದಿಗಳಲ್ಲಿ ಏಕಮುಖ ಸಂಚಾರ, ಸರಕು ಇಳಿಸುವ ವೇಳೆಯ ನಿರ್ಬಂಧ ಅಥವಾ ರಸ್ತೆ ವಿಸ್ತರಣೆಯನ್ನು ಪ್ರಕಟಿಸುವಾಗ ಆಡಳಿತವು ಸಾಮಾನ್ಯವಾಗಿ ನೀಡುವ ಕಾರಣವೆಂದರೆ, ರಸ್ತೆಯು ತನ್ನ ಸಾಮರ್ಥ್ಯವನ್ನು ಮೀರಿದೆ ಎಂಬುದು. ವರ್ತಕರು ಮನವಿ ಸಲ್ಲಿಸುತ್ತಾರೆ, ಪ್ರತಿಭಟಿಸುತ್ತಾರೆ. ಆದರೆ ಆ ತೀರ್ಮಾನಕ್ಕೆ ಆಧಾರವಾದ ಲೆಕ್ಕವನ್ನು ಕೇಳಿ ನೋಡುವವರು ವಿರಳ. ಮೂಲ ವೋಚರು ನೋಡದೆ ಅಢಾವೆ ಪತ್ರಿಕೆಗೆ ಸಹಿ ಹಾಕದ ವ್ಯಾಪಾರಸ್ಥರು ಇಲ್ಲಿ ಮಾತ್ರ ಮೊತ್ತವನ್ನಷ್ಟೇ ನಂಬುವುದು ವಿಚಿತ್ರ.

ಸೈಕಲ್, ಮೊಪೆಡ್, ಆಟೊ, ಕಾರು, ಲಾರಿಗಳು ಒಂದೇ ಬೀದಿಯಲ್ಲಿ ಸಾಲು ತಪ್ಪಿ ಬೆರೆತು ಸಾಗುವುದರಿಂದ, ಅವೆಲ್ಲವನ್ನೂ ಒಂದೇ ಅಳತೆಗೆ ಪರಿವರ್ತಿಸಬೇಕಾಗುತ್ತದೆ. ಈ ಅಳತೆಯೇ ಪ್ಯಾಸೆಂಜರ್ ಕಾರ್ ಯೂನಿಟ್, ಅಂದರೆ ಪಿಸಿಯು. ವಿದೇಶಿ ನಾಣ್ಯವನ್ನು ರೂಪಾಯಿಗೆ ಪರಿವರ್ತಿಸುವ ದರದಂತೆ ಇದೂ ಒಂದು ವಿನಿಮಯ ದರ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಹೊರತಂದ ನಗರ ರಸ್ತೆಗಳ ಮಾರ್ಗಸೂಚಿಯಲ್ಲಿ ಕಾರಿಗೆ 1 ಪಿಸಿಯು. ಉಳಿದ ವಾಹನಗಳಿಗೆ ಒಟ್ಟು ಸಂಚಾರದಲ್ಲಿ ಅವುಗಳ ಪಾಲನ್ನು ಅನುಸರಿಸಿ ಎರಡು ದರಗಳಿವೆ. ಪಾಲು ಶೇ. 5ರವರೆಗೆ ಇದ್ದರೆ ಸೈಕಲ್ಲಿಗೆ 0.4, ದ್ವಿಚಕ್ರ ವಾಹನಕ್ಕೆ 0.5, ಆಟೊಗೆ 1.2, ಶೇ. 10 ಅಥವಾ ಹೆಚ್ಚಿದ್ದರೆ ಕ್ರಮವಾಗಿ 0.5, 0.75 ಮತ್ತು 2.

ದರದ ಆಯ್ಕೆ ಎಷ್ಟು ನಿರ್ಣಾಯಕವೆಂಬುದಕ್ಕೆ ಒಂದು ಕಾಲ್ಪನಿಕ ಉದಾಹರಣೆ ಸಾಕು. ಗಂಟೆಗೆ 200 ಸೈಕಲ್, 600 ದ್ವಿಚಕ್ರ ವಾಹನ, 150 ಆಟೊ, 100 ಕಾರು ಸಾಗುವ ಬೀದಿಯೊಂದಿದೆ ಎನ್ನೋಣ. ಮೇಲಿನ ದರದಲ್ಲಿ ಮೊತ್ತ 950. ಕೆಳಗಿನ ದರದಲ್ಲಿ 660. ಅಂಗಡಿಗಳು ನೇರವಾಗಿ ತೆರೆದುಕೊಂಡಿರುವ, ವಾಹನಗಳು ನಿಲ್ಲುವ ಎರಡು ಪಥದ ದ್ವಿಮುಖ ರಸ್ತೆಗೆ ಅದೇ ಮಾರ್ಗಸೂಚಿ ಹೇಳುವ ಮಿತಿ 900. ಇಲ್ಲಿ ನಿಯಮದಂತೆ ಅನ್ವಯಿಸುವುದು ಮೇಲಿನ ದರವೇ. ಆದರೆ ಯಾವ ದರ ಬಳಸಲಾಯಿತೆಂದು ವರದಿ ಹೇಳದಿದ್ದರೆ, ಅದೇ ಗಣತಿಯಿಂದ ಬೀದಿಯನ್ನು ದೋಷಿಯೆಂದೂ ನಿರ್ದೋಷಿಯೆಂದೂ ಸಾಧಿಸಬಹುದು.

ದೆಹಲಿಯ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ 2017ರಲ್ಲಿ ಸಿದ್ಧಪಡಿಸಿದ ಭಾರತೀಯ ಹೆದ್ದಾರಿ ಸಾಮರ್ಥ್ಯ ಕೈಪಿಡಿಯು ಸ್ಥಿರ ದರದ ಬದಲು ವಾಹನದ ವೇಗ ಮತ್ತು ಅದು ಆವರಿಸುವ ಜಾಗವನ್ನು ಪರಿಗಣಿಸುವ ವಿಧಾನವನ್ನು ಅನುಸರಿಸುತ್ತದೆ. ಕಾರು ಸುಮಾರು 5.4 ಚದರ ಮೀಟರ್ ಜಾಗ ಆವರಿಸಿದರೆ ದ್ವಿಚಕ್ರ ವಾಹನ ಆವರಿಸುವುದು 1.2 ಮಾತ್ರ, ಸೈಕಲ್ 0.85. ಕಾರು ಗಂಟೆಗೆ 30 ಕಿ.ಮೀ., ಮೊಪೆಡ್ 25, ಸೈಕಲ್ 12 ಕಿ.ಮೀ. ವೇಗದಲ್ಲಿದ್ದರೆ ಮೊಪೆಡ್ಡಿನ ದರ ಸುಮಾರು 0.27, ಸೈಕಲ್ಲಿನದು 0.39. ಗಾತ್ರದಲ್ಲಿ ಕಿರಿದಾದರೂ ನಿಧಾನಗತಿಯಿಂದಾಗಿ ಸೈಕಲ್ಲಿನ ಭಾರವೇ ಹೆಚ್ಚು.

ಈ ವಿಧಾನಗಳನ್ನು ದೂಷಿಸಬೇಕಾಗಿಲ್ಲ. ಅವು ಅಳೆಯುವುದು ರಸ್ತೆಯಲ್ಲಿ ವಾಹನ ಉಂಟುಮಾಡುವ ಒತ್ತಡವನ್ನು. ಅದು ಸಲ್ಲಿಸುವ ಸೇವೆಯನ್ನಲ್ಲ. ಕಿರಾಣಿ ಅಂಗಡಿಗೆ ಎರಡು ಮೂಟೆ ಹೊತ್ತು ಸಾಗುವ ಟಿವಿಎಸ್ ಮೊಪೆಡ್ಡಿಗೂ, ಒಬ್ಬನೇ ಸವಾರನಿರುವ ಮೋಟಾರ್ ಸೈಕಲ್ಲಿಗೂ 1990ರ ಪಟ್ಟಿಯಲ್ಲಿ ಪ್ರತ್ಯೇಕ ಕಲಮುಗಳಿಲ್ಲ. ಚಿಕ್ಕಪೇಟೆಯಾಗಲಿ, ಹುಬ್ಬಳ್ಳಿಯ ದುರ್ಗದ ಬೈಲಾಗಲಿ, ಬಿಡಿ ವ್ಯಾಪಾರಿಗಳಿಗೆ ಸರಕು ತಲುಪಿಸುವಲ್ಲಿ ಇಂತಹ ಸಣ್ಣ ವಾಹನಗಳ ಪಾತ್ರ ದೊಡ್ಡದು. ಲೆಕ್ಕದಲ್ಲಿ ಕಾಣದ ಸೇವೆಗೆ ಯೋಜನೆಯಲ್ಲಿ ಸ್ಥಾನ ದೊರೆಯುವುದು ಕಷ್ಟ.

ವರ್ತಕರ ಹೊಣೆಯೂ ಇಲ್ಲಿ ಅಡಗಿದೆ. ಅಂಗಡಿಗಳಿದ್ದರೂ ವಾಹನಗಳು ನಿಲ್ಲದ, ಕೂಡುರಸ್ತೆಗಳು ಸುವ್ಯವಸ್ಥಿತವಾಗಿರುವ ಅಂತಹುದೇ ರಸ್ತೆಗೆ ಮಾರ್ಗಸೂಚಿಯು 1200ರ ಮಿತಿಯನ್ನು ಒಪ್ಪುತ್ತದೆ. ಅಂಗಡಿಯ ಮುಂದೆ ಮಾಲೀಕರದೇ ಕಾರು ದಿನವಿಡೀ ನಿಂತಿದ್ದರೆ, ಬೀದಿಯ ಸಾಮರ್ಥ್ಯವನ್ನು ಕುಗ್ಗಿಸಿದವರು ಹೊರಗಿನವರಲ್ಲ. ಕಟ್ಟಡ ಕೆಡವದೆ, ರಸ್ತೆ ಅಗಲಿಸದೆ ದೊರೆಯಬಹುದಾದ ಲಾಭವಿದು.

ಆದ್ದರಿಂದ ವಾಣಿಜ್ಯ ಸಂಸ್ಥೆಗಳು ಇಂತಹ ಪ್ರಸ್ತಾವಗಳಿಗೆ ಒಪ್ಪಿಗೆ ಅಥವಾ ವಿರೋಧ ಸೂಚಿಸುವ ಮುನ್ನ ವಾಹನವಾರು ಮೂಲ ಗಣತಿ, ಗಣತಿಯ ದಿನ ಮತ್ತು ವೇಳೆ, ಬಳಸಿದ ದರ ಇವುಗಳನ್ನು ಕೇಳಬೇಕು. ದೊರೆಯದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯ ನೆರವು ಪಡೆಯಬಹುದು. ಸಂತೆಯ ದಿನವೂ ಸಾಮಾನ್ಯ ದಿನವೂ ಹದಿನೈದು ನಿಮಿಷಗಳ ಅವಧಿಗಳಲ್ಲಿ, ಸರಕು ಹೊತ್ತ ಮೊಪೆಡ್ಡುಗಳನ್ನು ಬೇರೆ ಕಲಮಿನಲ್ಲಿ ಬರೆದು, ಜನರ ಸಂಖ್ಯೆಯನ್ನೂ ಸೇರಿಸಿ ತಾವೇ ಗಣತಿ ನಡೆಸುವುದು ಇನ್ನೂ ಉತ್ತಮ. ಅದಕ್ಕೆ ಬೇಕಾಗುವುದು ನಾಲ್ಕು ಜನ ಗುಮಾಸ್ತರು ಮತ್ತು ಗೀಟು ಹಾಕಿದ ಕಾಗದ ಮಾತ್ರ. ಲೆಕ್ಕ ಹಿಡಿದು ಮಾತನಾಡುವ ವರ್ತಕ ಸಮುದಾಯದ ಮಾತಿಗೆ ಆಡಳಿತದ ಮುಂದೆ ಹೆಚ್ಚು ತೂಕವಿರುತ್ತದೆ ಎಂಬುದನ್ನು ಎಲ್ಲರೂ ಮನಗಾಣಬೇಕಾಗಿದೆ.