ಅಘನಾಶಿನಿಯ ಕೆಸರು, ಹೊರಟುನಿಂತ ಹಕ್ಕಿಗಳು

ಮಾರ್ಚ್ ಮೊದಲ ವಾರ, ಇಳಿತದ ಹೊತ್ತಿನಲ್ಲಿ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ದಂಡೆಯಲ್ಲಿ ನಿಂತಿದ್ದೆ. ನೀರು ಸರಿದ ಕೆಸರಿನಲ್ಲಿ ಒಂದೆಡೆ ಬಳಚು ಹೆಕ್ಕುವ ಹೆಂಗಸರು, ಇನ್ನೊಂದೆಡೆ ಪುಟ್ಟ ಮರಳು ಪ್ಲೋವರ್ ಹಕ್ಕಿಗಳ ಹಿಂಡು. ಚಳಿಗಾಲವಿಡೀ ಬೂದುಬಣ್ಣದಲ್ಲಿದ್ದ ಕೆಲವು ಹಕ್ಕಿಗಳ ಎದೆಯಲ್ಲಿ ಆಗಲೇ ಕೆಂಗಂದು ಮೂಡಿತ್ತು. ಪಯಣ ಹತ್ತಿರವಾದುದರ ಗುರುತದು. ನೂರು ಗ್ರಾಂ ಕೂಡ ತೂಗದ ಇವು ಮರಿಮಾಡುವುದು ದೂರದ ಟಿಬೆಟ್ ಪ್ರಸ್ಥಭೂಮಿಯಂಥ ಎತ್ತರದ ನೆಲದಲ್ಲಿ. ಅಷ್ಟು ದೂರಕ್ಕೆ ಬೇಕಾದ ಕೊಬ್ಬನ್ನು ಇಂಥ ಕೆಸರಿನ ಹುಳುಗಳಿಂದಲೇ ಕೂಡಿಸಿಕೊಳ್ಳಬೇಕು.

ಅಭಿವೃದ್ಧಿಯ ಕಣ್ಣಿಗೆ ಮಾತ್ರ ಇದು ಖಾಲಿ ಜಾಗ. ತದಡಿಯಲ್ಲಿ ಒಮ್ಮೆ ಉಷ್ಣ ವಿದ್ಯುತ್ ಸ್ಥಾವರ, ಬಳಿಕ ಬೃಹತ್ ಬಂದರು ಎಂಬ ಪ್ರಸ್ತಾವಗಳು ಬಂದದ್ದು ಇದೇ ನೋಟದಿಂದ. 2024ರಲ್ಲಿ ಅಳಿವೆಯು ರಾಮ್ಸಾರ್ ಪಟ್ಟಿಗೆ ಸೇರಿದೆ, ಸಂತೋಷ. ಆದರೆ ಫಲಕ ನೆಟ್ಟ ಮಾತ್ರಕ್ಕೆ ಕೆಸರು ಉಳಿಯದು. ದೊಡ್ಡ ಅಣೆಕಟ್ಟಿಲ್ಲದ ಈ ನದಿ ಹೊತ್ತು ತರುವ ಮಣ್ಣು, ಸಿಹಿನೀರು ಎರಡೂ ಅದಕ್ಕೆ ಬೇಕು. ಅಘನಾಶಿನಿಯ ನೀರನ್ನು ವೇದಾವತಿಗೆ ತಿರುಗಿಸುವ ಮಾತನಾಡುವವರು ಬಯಲುಸೀಮೆಯ ಬಾಯಾರಿಕೆಯ ಲೆಕ್ಕದ ಜತೆಗೆ ಅಳಿವೆಯ ಲೆಕ್ಕವನ್ನೂ ಜನರ ಮುಂದಿಡಲಿ.

ನಾನು ಹೊರಡುವಾಗ ಉಬ್ಬರ ಏರತೊಡಗಿತ್ತು. ಹೆಂಗಸರು ಬುಟ್ಟಿ ಹೊತ್ತು ದಂಡೆಗೆ ಬಂದರು. ಹಕ್ಕಿಗಳು ಉಳಿದ ತುಂಡು ಕೆಸರನ್ನು ಇನ್ನೂ ಬಿಟ್ಟಿರಲಿಲ್ಲ.